ಒಪ್ಪೊತ್ತಿನ ಮಾತ್ರೆ

ಜೂನ್ ತಿಂಗಳ ಒಂದು ಭಾನುವಾರ, ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ರೇವಣಸಿದ್ದಪ್ಪನವರ ಮನೆಯಲ್ಲಿ ಉಪ್ಪಿನ ಡಬ್ಬಿ ಅಡುಗೆಮನೆ ಬಿಟ್ಟು ಬೀರುವಿಗೆ ಹೋಯಿತು. ಒಡವೆ, ರೇಷ್ಮೆ ಸೀರೆ, ಜಮೀನಿನ ಪತ್ರಗಳ ಪಕ್ಕದಲ್ಲಿ ಅದಕ್ಕೂ ಒಂದು ಜಾಗ ಸಿಕ್ಕಿತು. ಬೀಗ ಹಾಕಿ ಕೀಲಿಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡವಳು ಸೊಸೆ ಶಿಲ್ಪಾ. ಬಾಣಾವರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಟೀಚರ್. ಒಂದು ಹೇಳಿದರೆ ಒಂದೇ. ಮನೆಯಲ್ಲೂ ಅಷ್ಟೆ.

ಆ ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು. ರೇವಣಸಿದ್ದಪ್ಪ ಒಂದು ತುತ್ತು ನುಂಗಿ ತಟ್ಟೆಯನ್ನೇ ನೋಡುತ್ತ ಕೂತರು.

"ಏನಮ್ಮ ಇದು, ಕಾಳು ತೊಳೆದ ನೀರಾ? ಮುದ್ದೆ ಇಳೀತಿಲ್ಲ."

"ಅತ್ತೆಗೆ ಬಿ.ಪಿ. ಇದೆ ಮಾವ."

"ಬಿ.ಪಿ. ಅವಳಿಗೆ ಐತೆ. ನಂಗೇನು ಬಂದೈತೆ?"

"ನಿಮಗೆ ಅಂತ ಬೇರೆ ಸಾರು ಮಾಡಿದ್ರೆ ಅತ್ತೆ ಅದರಲ್ಲೇ ಒಂದು ಸೌಟು ಬಡಿಸ್ಕೊಳ್ತಾರೆ. ಮೊನ್ನೆ ನಾನೇ ನೋಡಿದೀನಿ. ಮಜ್ಜಿಗೆ ಮೆಣಸಿನಕಾಯಿನೂ ಸೆರಗಲ್ಲಿ ಕಟ್ಕೊಂಡಿದ್ರು."

ವಿಶಾಲಮ್ಮ ಸೊಸೆಯ ಕಡೆ ನೋಡದೆ ಗಂಡನ ಕಡೆ ತಿರುಗಿ ಹೇಳಿದರು. "ಕೇಳಿಸ್ಕೊಂಡ್ರಾ? ಐವತ್ತು ವರ್ಷ ಈ ಮನೆ ಅಡುಗೆಗೆ ಉಪ್ಪು ಹಾಕಿದೋಳು ನಾನು. ಈಗ ಕಳ್ಳಿ ಆದೆ."

"ಅಮ್ಮ, ಅವಳು ನಿನ್ನ ಒಳ್ಳೇದಕ್ಕೇ ಹೇಳ್ತಿರೋದು," ಎಂದ ಮಗ ರಾಜಶೇಖರ. ಮಂಡಿ ವ್ಯಾಪಾರ ಈಗ ಅವನ ಕೈಯಲ್ಲಿದೆ. ತಾಯಿಗೂ ಹೆಂಡತಿಗೂ ನಡುವೆ ಮಾತಾಡಬೇಕಾಗಿ ಬಂದಾಗಲೆಲ್ಲ ಅವನಿಗೆ ಎಲ್ಲಿಂದಲೋ ಒಂದು ಫೋನ್ ಬರುತ್ತದೆ. ಅಂದೂ ಬಂತು. ಎದ್ದು ಹೋದ.

ಇದಕ್ಕೆಲ್ಲ ಮೂಲ ಏಪ್ರಿಲ್‌ನಲ್ಲಿ ಹಳೇಬೀಡಿನಲ್ಲಿ ನಡೆದ ಒಂದು ಮದುವೆ. ವಿಶಾಲಮ್ಮನ ತಂಗಿ ರುಕ್ಮಿಣಮ್ಮನ ಮೊಮ್ಮಗಳದ್ದು. ಅಕ್ಷತೆ ಹಾಕಿ ಬಂದ ವಿಶಾಲಮ್ಮ ಛತ್ರದ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಎದೆಯೊಳಗೆ ಏನೋ ಪಟಪಟ ಹೊಡೆದುಕೊಳ್ಳುತ್ತಿದೆ, ಉಸಿರು ಸಾಲುತ್ತಿಲ್ಲ ಎಂದರು. ಸೆಖೆ ಎಂದರು ಕೆಲವರು. ಹೋಳಿಗೆ ಹೆಚ್ಚಾಯಿತು ಎಂದರು ಬಡಿಸಿದವರು. ಹಾಸನಕ್ಕೆ ಕರೆದೊಯ್ದು ಇ.ಸಿ.ಜಿ. ಮಾಡಿಸಿದಾಗ ವಿಷಯ ಬೇರೆಯೇ ಇತ್ತು. ರಕ್ತದೊತ್ತಡ ಎಷ್ಟು ದಿನದಿಂದ ಏರಿ ಕೂತಿತ್ತೋ ಯಾರಿಗೂ ಗೊತ್ತಿಲ್ಲ. ಜೊತೆಗೆ ಹೃದಯದ ಬಡಿತ ಲಯ ತಪ್ಪಿತ್ತು. ಡಾಕ್ಟರಮ್ಮ ಅದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಎಂದು ಹೆಸರು ಹೇಳಿ, ಹೆಸರು ಯಾರ ಕಿವಿಗೂ ಇಳಿಯಲಿಲ್ಲವೆಂದು ನೋಡಿ, ಬಿಡಿಸಿ ಹೇಳಿದರು.

"ಹೃದಯದ ಮೇಲಿನ ಗೂಡು ಸರಿಯಾಗಿ ಹಿಂಡ್ತಾ ಇಲ್ಲ, ಸುಮ್ನೆ ನಡುಗ್ತಾ ಇದೆ. ಹಾಗಾದಾಗ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದ್ರೆ ಲಕ್ವ. ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ ಕೊಡ್ತೀನಿ. ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿ.ಪಿ.ದು, ಬಡಿತದ್ದು ಬೆಳಿಗ್ಗೆ ಮಾತ್ರ. ಯಾವತ್ತಾದ್ರೂ ಮುಖ ಸೊಟ್ಟಗಾದ್ರೆ, ಕೈ ಸೋತ್ರೆ, ಮಾತು ತೊದಲಿದ್ರೆ, ಕಾಯ್ಕೊಂಡು ಕೂರಬೇಡಿ. ಆ ಗಳಿಗೆಗೇ ಹೊರಟು ಬನ್ನಿ."

ಲಕ್ವ ಎಂಬ ಮಾತಿನ ನಂತರ ವಿಶಾಲಮ್ಮನಿಗೆ ಏನೂ ಕೇಳಿಸಲಿಲ್ಲ. ಅವರ ಅತ್ತೆ, ಅಂದರೆ ರೇವಣಸಿದ್ದಪ್ಪನವರ ತಾಯಿ, ಲಕ್ವ ಹೊಡೆದು ನಡುಮನೆಯ ಪಕ್ಕದ ಕೋಣೆಯಲ್ಲಿ ಏಳು ವರ್ಷ ಮಲಗಿದ್ದರು. ಅವರಿಗೆ ತಿನ್ನಿಸಿದ್ದು, ಮಗ್ಗುಲು ಬದಲಿಸಿದ್ದು, ಬಟ್ಟೆ ಒಗೆದದ್ದು ಎಲ್ಲ ವಿಶಾಲಮ್ಮ. ತವರಿನ ಮದುವೆಗಳಿಗೆ ಹೋಗಲಿಲ್ಲ, ತಂಗಿಯ ಬಾಣಂತನಕ್ಕೆ ಹೋಗಲಿಲ್ಲ. ಊರೆಲ್ಲ ಹೊಗಳಿತು. ಹೊಗಳಿದವರು ಯಾರೂ ಒಂದು ದಿನ ಬಂದು ಕೂತುಕೊಳ್ಳಲಿಲ್ಲ.

ಉಪ್ಪಿನ ಜಗಳ ಹಳೆಯದಾಗುವ ಹೊತ್ತಿಗೆ ಮಾತ್ರೆಯ ಜಗಳ ಶುರುವಾಯಿತು. ಶಿಲ್ಪಾ ದಿನದಿನಕ್ಕೂ ಬೆಳಿಗ್ಗೆಗೊಂದು, ರಾತ್ರಿಗೊಂದು ಖಾನೆಯಿದ್ದ ಪ್ಲಾಸ್ಟಿಕ್ ಡಬ್ಬಿ ತಂದು ವಾರದ ಮಾತ್ರೆಗಳನ್ನು ತುಂಬಿಡುತ್ತಿದ್ದಳು. ಒಂದು ಬೆಳಿಗ್ಗೆ, ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ, ಹಿಂದಿನ ರಾತ್ರಿಯ ಖಾನೆ ಆಗಷ್ಟೇ ಖಾಲಿಯಾಗಿದ್ದು ಅವಳ ಕಣ್ಣಿಗೆ ಬಿತ್ತು.

"ರಾತ್ರಿ ಮಾತ್ರೆ ಯಾವಾಗ ತಗೊಂಡ್ರಿ ಅತ್ತೆ?"

"ಈಗ. ರಾತ್ರಿ ಮರ್ತಿದ್ದೆ."

"ಏನೂ ತಿನ್ನದೆ? ಖಾಲಿ ಹೊಟ್ಟೇಲಿ?"

ಶಿಲ್ಪಾಳ ತಂದೆ ಮಂಡಿನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ನುಂಗಿ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಕಾರಿಕೊಂಡಿದ್ದರು. ಆ ಭಯ ಅವಳ ಎದೆಯಿಂದ ಹೋಗಿಲ್ಲ. ಅವಳ ದನಿ ಏರಿತು.

"ಎಷ್ಟು ಸಲ ಹೇಳೋದು? ಊಟ ಆದ್ಮೇಲೇ ಮಾತ್ರೆ. ಊಟ ಇಲ್ಲ ಅಂದ್ರೆ ಮಾತ್ರೆ ಮುಟ್ಟಬಾರದು. ಇದೊಂದಾದ್ರೂ ಬರೆದಿಟ್ಕೊಳ್ಳಿ."

"ನಾನೇನು ನಿನ್ನ ಎಂಟನೇ ಕ್ಲಾಸಿನ ಹುಡುಗೀನಾ, ಬರ್ಕೊಳ್ಳಾಕೆ?"

"ಅವರಾದ್ರೆ ಹೇಳಿದ್ದು ಕೇಳ್ತಾರೆ."

"ಕೇಳೋರ ಹತ್ರ ಹೋಗಿ ಹೇಳ್ಕೊ. ನನ್ನ ಮಾತ್ರೆ ನಂಗೆ ಬಿಡು."

"ಆಯ್ತು, ತಗೊಳ್ಳಿ." ಶಿಲ್ಪಾ ಡಬ್ಬಿಯನ್ನು ಅವರ ಮುಂದೆ ಇಟ್ಟಳು. "ಇನ್ಮೇಲೆ ನಾನು ಕೇಳಲ್ಲ, ನೀವು ಹೇಳಬೇಡಿ."

ಶಿಲ್ಪಾ ಕೇಳಲಿಲ್ಲ. ವಿಶಾಲಮ್ಮ ಹೇಳಲಿಲ್ಲ. ಹಟದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು ಎನ್ನಬೇಕು. ಆದರೆ ಒಂದು ಮಾತು. ಖಾಲಿ ಹೊಟ್ಟೆಯ ವಿಷಯದಲ್ಲಿ ಸೊಸೆ ಹೇಳಿದ್ದು ವಿಶಾಲಮ್ಮನ ಮನಸ್ಸಿಗೆ ನಾಟಿತ್ತು. ಬೀಗರು ರಕ್ತ ಕಾರಿಕೊಂಡದ್ದನ್ನು ಅವರೂ ನೋಡಿದ್ದರು. ಡಬ್ಬಿಯನ್ನು ದೇವರ ಗೂಡಿನ ಪಕ್ಕ ಇಟ್ಟು, ವಾರವಾರ ತಾವೇ ತುಂಬಿಕೊಂಡು, ಬೆಳಿಗ್ಗೆ ತಿಂಡಿಯಾದ ಮೇಲೆ, ರಾತ್ರಿ ಊಟವಾದ ಮೇಲೆ, ತಪ್ಪದೆ ನುಂಗತೊಡಗಿದರು. ಸೊಸೆ ಕೇಳಿದ್ದರೆ ಇಷ್ಟು ಶಿಸ್ತು ಬರುತ್ತಿತ್ತೋ ಇಲ್ಲವೋ.

ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಬಂತು. ಪ್ರತಿ ವರ್ಷ ವಿಶಾಲಮ್ಮ ಶ್ರಾವಣದ ಸೋಮವಾರಗಳಲ್ಲಿ ಮಾತ್ರ ಒಪ್ಪೊತ್ತು ಇರುತ್ತಿದ್ದರು, ದಿನಕ್ಕೆ ಒಂದೇ ಊಟ. ಈ ಸಲ ಇಡೀ ತಿಂಗಳು ಇರುತ್ತೇನೆ ಎಂದರು.

"ಸೋಮವಾರ ಸಾಲದೇನೇ?" ಎಂದರು ರೇವಣಸಿದ್ದಪ್ಪ. "ಈ ವಯಸ್ಸಲ್ಲಿ ಶಿವ ನಿನ್ನೇನು ಪರೀಕ್ಷೆಗೆ ಕೂರಿಸವನಾ?"

"ನಂಗೂ ಶಿವಂಗೂ ಇರೋ ಮಾತು. ನಿಮಗ್ಯಾಕೆ?"

ಶಿಲ್ಪಾ ಬಾಯಿ ತೆರೆದವಳು ಮುಚ್ಚಿಕೊಂಡಳು. ಕೇಳುವುದಿಲ್ಲ ಎಂದು ತಾನೇ ಹೇಳಿದ್ದಾಗಿತ್ತಲ್ಲ.

ಮಾತು ಇದ್ದದ್ದು ಇಷ್ಟೇ. ಶ್ರಾವಣದ ಮೊದಲ ದಿನ ವಿಶಾಲಮ್ಮ ಕೊರಳಿನ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬೇಡಿಕೊಂಡಿದ್ದರು. ಕರೆದುಕೊಂಡರೆ ಒಂದೇ ಸಲ ಕರೆದುಕೊ ತಂದೆ, ಅತ್ತೆಯ ಹಾಗೆ ಮಲಗಿಸಬೇಡ, ಅದಕ್ಕೆ ತಿಂಗಳೆಲ್ಲ ಒಪ್ಪೊತ್ತು ಇರುತ್ತೇನೆ ಎಂದು. ಇದನ್ನು ಯಾರಿಗೂ ಹೇಳಲಿಲ್ಲ. ಹರಕೆ ಬಾಯಿಬಿಟ್ಟರೆ ಕೆಡುತ್ತದೆ ಎಂಬುದು ಅವರ ನಂಬಿಕೆ.

ವ್ರತದ ದಿನಚರಿ ಗಟ್ಟಿಯಾಗಿತ್ತು. ಬೆಳಿಗ್ಗೆ ಸ್ನಾನ, ಹಿತ್ತಲ ಮರದ ಬಿಲ್ವಪತ್ರೆ ಬಿಡಿಸುವುದು, ಆಮೇಲೆ ಮಧ್ಯಾಹ್ನದವರೆಗೆ ಜಪ, ಪೂಜೆ. ಪೂಜೆ ಮುಗಿಯುವವರೆಗೆ ನೀರೂ ಇಲ್ಲ. ಆಮೇಲೆ ಒಂದು ಊಟ. ಊಟವಾದ ಮೇಲೆ ಬೆಳಗಿನ ಮಾತ್ರೆಗಳು. ರಾತ್ರಿ ಊಟವಿಲ್ಲ, ನೀರೂ ಇಲ್ಲ. ಊಟ ಇಲ್ಲ ಅಂದ್ರೆ ಮಾತ್ರೆ ಇಲ್ಲ. ಸೊಸೆಯ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದೇನೆ ಎಂಬ ಸಮಾಧಾನದಲ್ಲಿ ವಿಶಾಲಮ್ಮ ರಾತ್ರಿಯ ಮಾತ್ರೆಯನ್ನು ಡಬ್ಬಿಯಲ್ಲೇ ಬಿಟ್ಟು ನೆಮ್ಮದಿಯಾಗಿ ಮಲಗುತ್ತಿದ್ದರು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಅದೇ. ಯಾವುದರಿಂದ ಕಾಪಾಡು ಎಂದು ಹಗಲು ಬೇಡುತ್ತಿದ್ದರೋ, ಅದನ್ನೇ ರಾತ್ರಿ ಬಾಗಿಲು ತೆರೆದು ಕರೆಯುತ್ತಿದ್ದರು, ಪಾಪ, ತಿಳಿಯದೆ.

ಎರಡನೇ ವಾರ ಮನೆಯಲ್ಲಿ ಹಬ್ಬದ ಕಳೆ. ಮೊಮ್ಮಗಳು ಸಿರಿ ಮೆಷಿನ್ ತಂದು ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಬಿ.ಪಿ. ಇಳಿದಿತ್ತು.

"ಉಪ್ಪು ಬಿಟ್ಟಿದ್ದಕ್ಕೆ," ಎಂದಳು ಶಿಲ್ಪಾ.

"ಒಪ್ಪೊತ್ತಿಗೆ," ಎಂದರು ವಿಶಾಲಮ್ಮ.

"ನಾನು ಆ ಸಾರು ಕುಡಿದ ಪುಣ್ಯಕ್ಕೆ," ಎಂದರು ರೇವಣಸಿದ್ದಪ್ಪ. ತುಂಬಾ ದಿನದ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕರು.

ಶ್ರಾವಣದ ನಾಲ್ಕನೇ ಸೋಮವಾರ ಅದು ಆಯಿತು. ರಾಜಶೇಖರ ಕೊಬ್ಬರಿ ನೋಡಲು ಗಂಡಸಿ ಎಂಬ ಊರಿಗೆ ಹೋಗಿದ್ದ. ಶಿಲ್ಪಾ ಸ್ಕೂಲಿನಲ್ಲಿದ್ದಳು. ಕಾಲೇಜು ಬೇಗ ಮುಗಿಸಿ ಬಂದಿದ್ದ ಸಿರಿ ತಾತನ ಜೊತೆ ಊಟಕ್ಕೆ ಕೂತಿದ್ದಳು. ಪೂಜೆ ಮುಗಿಸಿ ಬಂದ ವಿಶಾಲಮ್ಮ ಬಡಿಸುತ್ತಿದ್ದರು. ಗಂಡನ ತಟ್ಟೆಗೆ ಹಾಕಬೇಕಾದ ಮಜ್ಜಿಗೆ ತಟ್ಟೆಯ ಪಕ್ಕಕ್ಕೆ ಹೋಯಿತು.

"ಎಲ್ಲಿ ನೋಡ್ತಿದೀಯೇ?"

ಸೌಟು ನೆಲಕ್ಕೆ ಬಿತ್ತು. ವಿಶಾಲಮ್ಮ ಬಗ್ಗಿ ಎತ್ತಿಕೊಳ್ಳಲು ನೋಡಿದರು. ಬಲಗೈ ಮುಂದೆ ಹೋಯಿತು, ಬೆರಳು ಮಡಿಯಲಿಲ್ಲ. ಏನೋ ಹೇಳಲು ಹೋದರು. ನಾಲಿಗೆ ಹೊರಳಲಿಲ್ಲ.

"ಉಪವಾಸ, ತಲೆ ಸುತ್ತು ಅಷ್ಟೆ. ಸಕ್ಕರೆ ನೀರು ತಾ ಸಿರಿ," ಎಂದು ರೇವಣಸಿದ್ದಪ್ಪ ಎದ್ದರು.

ಸಿರಿ ಅಜ್ಜಿಯ ಮುಖ ನೋಡಿದಳು. ಬಾಯಿಯ ಒಂದು ತುದಿ ಜಾರಿತ್ತು. "ಬೇಡ ತಾತ, ಏನೂ ಕುಡಿಸ್ಬೇಡಿ. ಮುಖ ಸೊಟ್ಟಗಾದ್ರೆ ಅಂತ ಡಾಕ್ಟರ್ ಹೇಳಿದ್ರಲ್ಲ, ಅದೇ ಇದು. ಮಹಾಂತೇಶಣ್ಣನ ಕಾರು ಇದೆಯಾ ನೋಡಿ, ಬೇಗ."

ಪಕ್ಕದ ಮನೆಯ ಮಹಾಂತೇಶ ಉಣ್ಣುತ್ತಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೇ ಕಾರು ತೆಗೆದ. ಸಿರಿ ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನಲ್ಲಿ ಅಪ್ಪನಿಗೆ, ಅಮ್ಮನಿಗೆ ಹೇಳಿದಳು. ಮುಂದೆ ಕೂತ ರೇವಣಸಿದ್ದಪ್ಪ ಹಾಸನದವರೆಗೂ ಹಿಂದಕ್ಕೆ ತಿರುಗಿಕೊಂಡೇ ಇದ್ದರು. ವ್ಯಾಪಾರದಲ್ಲಿ ಎಂಥ ನಷ್ಟಕ್ಕೂ ಹೆದರದ ಮನುಷ್ಯ, ಆ ದಾರಿಯಲ್ಲಿ ಮಗುವಿನ ಹಾಗೆ ಅತ್ತರು.

ದಾರಿ ಅರ್ಧ ಸವೆದಿರಬೇಕು, ವಿಶಾಲಮ್ಮ ಬಲಗೈ ಎತ್ತಿ ಸಿರಿಯ ಕೆನ್ನೆ ಮುಟ್ಟಿದರು.

"ಯಾಕೆ ಅಳ್ತಾವ್ರೆ ನಿಮ್ಮ ತಾತ?" ಎಂದರು. ಮಾತು ಸ್ಪಷ್ಟವಾಗಿತ್ತು.

ಸಂಜೆಯ ಹೊತ್ತಿಗೆ ಸ್ಕ್ಯಾನ್ ಆಗಿತ್ತು, ರಾಜಶೇಖರ, ಶಿಲ್ಪಾ ಇಬ್ಬರೂ ಬಂದಿದ್ದರು. ಡಾಕ್ಟರಮ್ಮ ವಿಶಾಲಮ್ಮನ ಎರಡೂ ಕೈ ಹಿಡಿದು ಹಿಂಡಿಸಿ, ನಗಿಸಿ, ನಾಲಿಗೆ ಚಾಚಿಸಿ ನೋಡಿದರು.

"ಮೆದುಳಿಗೆ ಹಾನಿ ಆಗಿಲ್ಲ. ಸಣ್ಣ ಹೆಪ್ಪು, ತಾನೇ ಕರಗಿದೆ. ಇದು ಎಚ್ಚರಿಕೆ. ಎಲ್ಲರಿಗೂ ಇಂಥ ಎಚ್ಚರಿಕೆ ಸಿಗಲ್ಲ. ಮಾತ್ರೆ ತಪ್ಪಿಸಿದ್ರಾ ಅಮ್ಮ?"

"ಇಲ್ಲ ತಾಯಿ. ಊಟ ಆದ ತಕ್ಷಣ, ಒಂದು ದಿನಾನೂ ತಪ್ಪಿಸಿಲ್ಲ."

"ರಾತ್ರೀದು?"

"ರಾತ್ರಿ ಊಟನೇ ಇಲ್ವಲ್ಲ. ಶ್ರಾವಣ, ಒಪ್ಪೊತ್ತು. ಖಾಲಿ ಹೊಟ್ಟೇಲಿ ಮುಟ್ಟಬಾರದು ಅಂತ ನಮ್ಮ ಸೊಸೆ ಖಂಡಿತವಾಗಿ ಹೇಳವಳೆ." ವಿಶಾಲಮ್ಮ ಇದನ್ನು ದೂರಿನಂತೆ ಹೇಳಲಿಲ್ಲ. ಸೊಸೆಯ ಮಾತು ಕೇಳುವವಳು ತಾನು ಎಂದು ಡಾಕ್ಟರರ ಮುಂದೆ ಹೇಳಿಕೊಳ್ಳಲು ಅವರಿಗೆ ಒಂದು ಅವಕಾಶ ಸಿಕ್ಕಿತ್ತು.

ಶಿಲ್ಪಾ ಗೋಡೆಗೆ ಒರಗಿದಳು.

"ನಿಮಗೆ ಕೊಟ್ಟಿರೋ ಈ ಮಾತ್ರೆಗೆ ಊಟ ಆಗಿರಲೇಬೇಕು ಅಂತ ಇಲ್ಲ," ಎಂದರು ಡಾಕ್ಟರಮ್ಮ. "ಹೊತ್ತು ಮುಖ್ಯ. ಒಂದು ಮಾತ್ರೆ ಹನ್ನೆರಡು ಗಂಟೆ ಕಾಯುತ್ತೆ, ಆಮೇಲೆ ಕಾವಲಿಲ್ಲ. ಒಪ್ಪೊತ್ತು ಮಾಡೋದು ಬಿಡೋದು ನಿಮ್ಮಿಷ್ಟ. ನೀರು, ಹಣ್ಣು ಬಿಡಬೇಡಿ. ಮಾತ್ರೆ ಎರಡು ಹೊತ್ತೂ ಬೀಳಬೇಕು."

ಎರಡು ದಿನ ಇಟ್ಟುಕೊಂಡು ಕಳಿಸಿದರು. ಮನೆಗೆ ಬಂದ ರಾತ್ರಿ ರಾಜಶೇಖರನಿಗೆ ಯಾವ ಫೋನೂ ಬರಲಿಲ್ಲ.

"ಸಾಕು ಕಣಮ್ಮ ನಿನ್ನ ಒಪ್ಪೊತ್ತು. ಈಗ ಊಟ ಮಾಡು, ಮಾತ್ರೆ ತಗೊ."

"ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಐತೆ. ಇಷ್ಟು ದಿನ ಮಾಡಿ ಕೈಬಿಡಾಕಾಗಲ್ಲ."

"ಪ್ರಾಣ ಹೋಗ್ತಿತ್ತಲ್ಲಮ್ಮ."

"ಹೋಗ್ಲಿಲ್ವಲ್ಲ. ಕೈ ವಾಪಸ್ ಬಂತಲ್ಲ. ಯಾರು ಕೊಟ್ಟಿದ್ದು ಅಂದ್ಕೊಂಡಿದ್ದೀಯ?"

"ಡಾಕ್ಟರ್ ಕೊಟ್ಟಿದ್ದು."

"ಡಾಕ್ಟರ ಹತ್ರ ಹೋಗೋ ಮುಂಚೆ ಬಂತು, ನಿನ್ನ ಮಗಳನ್ನ ಕೇಳು."

ವಿಶಾಲಮ್ಮ ಮಾತ್ರೆಯನ್ನೇನೋ ನುಂಗಿದರು, ಊಟ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮಾತ್ರೆಗೆಂದು ನೀರು ಕುಡಿದದ್ದರಿಂದ ಒಪ್ಪೊತ್ತು ಕೆಟ್ಟಿತೆಂದು ಅವರಿಗೆ ಸಂಕಟ.

ಹಾಸನದಿಂದ ಬರುವಾಗ ಶಿಲ್ಪಾ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಲೇ ಇದ್ದಳು. ಮರುದಿನ ಬೆಳಕು ಹರಿಯುವ ಮುಂಚೆ ಎದ್ದು, ಸ್ನಾನ ಮಾಡಿ, ಹಿತ್ತಲಿಗೆ ಹೋಗಿ, ಮುಳ್ಳು ಚುಚ್ಚಿಸಿಕೊಂಡು ಬಿಲ್ವಪತ್ರೆ ಬಿಡಿಸಿ ತಂದಳು. ವಿಶಾಲಮ್ಮ ಎದ್ದಾಗ ಪೂಜೆಯ ಮಣೆ ಹಾಕಿತ್ತು, ವಿಭೂತಿ, ನೀರು, ಪತ್ರೆ ಎಲ್ಲ ಸಿದ್ಧವಿತ್ತು.

"ಏನಿದು? ನಿಂಗೆ ಸ್ಕೂಲಿಲ್ವಾ?"

"ರಜ ಹಾಕಿದೀನಿ. ಅತ್ತೆ, ನಾನು ಒಂದು ಹೇಳ್ತೀನಿ. ಬೈಬೇಡಿ. ಮೂರು ಹೊತ್ತೂ ಲಿಂಗಪೂಜೆ ಮಾಡ್ಬೇಕು ಅಂತ ನೀವೇ ನನಗೆ ಹೇಳ್ತಿದ್ರಿ, ಮದುವೆಯಾದ ಹೊಸದರಲ್ಲಿ."

"ಹೇಳ್ತಿದ್ದೆ. ನೀನು ಒಂದು ಹೊತ್ತೂ ಮಾಡ್ತಿರಲಿಲ್ಲ."

"ಹೌದು. ಈಗ ಆರು ಗಂಟೆಗೆ ಒಂದು ಪೂಜೆ ಮಾಡಿ. ತೀರ್ಥ ತಗೊಳ್ತೀರಲ್ಲ, ಅದರ ಜೊತೆ ಮಾತ್ರೆ. ಮಧ್ಯಾಹ್ನ ಪೂಜೆ, ಊಟ, ಯಾವತ್ತಿನ ಹಾಗೇ. ಸಂಜೆ ಆರಕ್ಕೆ ಇನ್ನೊಂದು ಪೂಜೆ, ತೀರ್ಥ, ಇನ್ನೊಂದು ಮಾತ್ರೆ. ತೀರ್ಥ ತಗೊಂಡ್ರೆ ಒಪ್ಪೊತ್ತು ಕೆಡುತ್ತಾ?"

ವಿಶಾಲಮ್ಮ ಯೋಚಿಸಿದರು. ಕೆಡುವುದಿಲ್ಲ. ಆದರೂ ಅಷ್ಟು ಸುಲಭಕ್ಕೆ ಒಪ್ಪುವುದು ಹೇಗೆ.

"ತೀರ್ಥದ ಜೊತೆ ಇಂಗ್ಲಿಷ್ ಮಾತ್ರೆನಾ?"

ಜಗಲಿಯಿಂದ ರೇವಣಸಿದ್ದಪ್ಪ ದನಿಗೂಡಿಸಿದರು. "ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕ್ಕೊಂಡಿದ್ದೆಲ್ಲ ಪ್ರಸಾದ ಕಣೇ. ಕೊಬ್ಬರಿ ಆದ್ರೇನು, ಮಾತ್ರೆ ಆದ್ರೇನು. ನಂಗಂತೂ ಇನ್ನೊಂದು ಸಲ ಆ ಕಾರಲ್ಲಿ ಕೂರೋ ಶಕ್ತಿ ಇಲ್ಲ."

ವಿಶಾಲಮ್ಮ ಮಣೆಯ ಮೇಲೆ ಕೂತರು. ಶಿಲ್ಪಾ ಎದ್ದು ಹೋಗಲಿಲ್ಲ. ಕೊರಳಿನಲ್ಲಿ ಸುಮ್ಮನೆ ತೂಗುತ್ತಿದ್ದ ತನ್ನ ಕರಡಿಗೆಯನ್ನೂ ಬಿಚ್ಚಿ ಪಕ್ಕದಲ್ಲೇ ಕೂತಳು. ವಿಭೂತಿ ಹಚ್ಚುವ ಕ್ರಮ ಮರೆತುಹೋಗಿತ್ತು. ವಿಶಾಲಮ್ಮ ಬಾಯಿಬಿಡದೆ ತಮ್ಮ ಬೆರಳಿನಿಂದ ತೋರಿಸಿಕೊಟ್ಟರು.

ಹಾಗೆ ಮೂರು ದಿನ ನಡೆಯಿತು. ಮನೆಯಲ್ಲಿ ಎಲ್ಲರಿಗೂ ಉಸಿರು ನಿರಾಳವಾಗಿ ಆಡತೊಡಗಿತು. ಸಿರಿ ಬೆಳಿಗ್ಗೆ ಸಂಜೆ ಬಿ.ಪಿ. ನೋಡಿದಳು, ಚೆನ್ನಾಗಿತ್ತು. ರಾಜಶೇಖರ ದೊಡ್ಡ ದಾಳಿಂಬೆಗಳನ್ನು ತಂದ. ರೇವಣಸಿದ್ದಪ್ಪ ಚಪ್ಪೆ ಸಾರನ್ನು ಎರಡು ಸಲ ಹಾಕಿಸಿಕೊಂಡರು, ಬೈಯುತ್ತಲೇ.

ಅಮಾವಾಸ್ಯೆಯ ಸಂಜೆ, ವ್ರತದ ಕೊನೆಯ ಪೂಜೆ ಮುಗಿಯಿತು. ಶಿಲ್ಪಾ ಮಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

"ಅತ್ತೆ, ನನ್ನಿಂದ ತಪ್ಪಾಯ್ತು. ನಾನು ಹಾಗೆ ಹೇಳದೇ ಇದ್ದಿದ್ರೆ, ಸಿಟ್ಟು ಮಾಡಿ ಡಬ್ಬಿ ಕೊಡದೇ ಇದ್ದಿದ್ರೆ..."

"ಬಿಡು. ಕಿತ್ಕೊಂಡೋಳು ನಾನು."

"ಒಂದು ಕೇಳ್ಲಾ? ಪ್ರತಿ ವರ್ಷ ಸೋಮವಾರ ಮಾತ್ರ ಮಾಡ್ತಿದ್ರಿ. ಈ ಸಲ ಯಾಕೆ ತಿಂಗಳೆಲ್ಲ?"

ವ್ರತ ಮುಗಿದಿತ್ತು, ಹೇಳಿದರೆ ಇನ್ನು ಕೆಡುವುದಿಲ್ಲ. ವಿಶಾಲಮ್ಮ ನಡುಮನೆಯ ಪಕ್ಕದ ಕೋಣೆಯ ಕಡೆ ನೋಡಿದರು. ಈಗ ಅಲ್ಲಿ ಸಿರಿಯ ಮೇಜು, ಪುಸ್ತಕಗಳು.

"ನಮ್ಮತ್ತೆ ಆ ಕೋಣೇಲಿ ಏಳು ವರ್ಷ ಮಲಗಿದ್ರು. ಅವರ ಹಾಗೆ ನನ್ನ ಮಲಗಿಸಬೇಡಪ್ಪ ಅಂತ ಕೇಳ್ಕೊಂಡಿದ್ದೆ."

ಶಿಲ್ಪಾಳಿಗೆ ಉಪ್ಪು, ಬೀಗ, ಡಬ್ಬಿ, ತಾನು ಆಡಿದ ಮಾತುಗಳೆಲ್ಲ ಒಟ್ಟಿಗೆ ನೆನಪಾದವು. "ನಾನು ನೋಡ್ಕೊಳ್ಳಲ್ಲ ಅಂತ ಭಯ ಆಯ್ತಾ ಅತ್ತೆ?"

"ಅಲ್ಲ ಕಣೇ," ಎಂದರು ವಿಶಾಲಮ್ಮ. "ನೋಡ್ಕೊತೀಯ ಅಂತ್ಲೇ ಭಯ. ಸ್ಕೂಲು ಬಿಟ್ಟು ಬಂದು ಕೂತ್ಬಿಡ್ತೀಯ ನೀನು. ಹಟಮಾರಿ. ನನ್ನ ವಯಸ್ಸು ಆ ಕೋಣೇಲಿ ಕಳೀತು. ನಿಂದೂ ಅಲ್ಲೇ ಕಳೀಬಾರದು."

ಶಿಲ್ಪಾ ಅತ್ತಳು. ವಿಶಾಲಮ್ಮ ಅಳಲಿಲ್ಲ. ಸೊಸೆ ಕಣ್ಣೊರೆಸಿಕೊಳ್ಳುವವರೆಗೆ ಕಾದು, ಬಲ ಅಂಗೈಯನ್ನು ಚಾಚಿದರು.

"ಕೊಡು ಇಲ್ಲಿ ಮಾತ್ರೆ. ನಾಳೆ ಸೋಮವಾರ, ನಿಂಗೆ ಸ್ಕೂಲೈತೆ."